ಮಾನವರ ಎತ್ತರದ ಸಂಖ್ಯಾಶಾಸ್ತ್ರೀಯ ವಿಶ್ಲೇಷಣೆ

ಒಂದು ಜನಸಮುದಾಯದ ವ್ಯಕ್ತಿಗಳ ಎತ್ತರವನ್ನು ಅಳೆದು, ಆ ಅಳತೆಗಳ ಸರಾಸರಿ, ಹರಡಿಕೆ ಮತ್ತು ವಿತರಣೆಯ ಆಕಾರವನ್ನು ನಿರೂಪಿಸುವ ಕ್ರಮಕ್ಕೆ ಎತ್ತರದ ಸಂಖ್ಯಾಶಾಸ್ತ್ರೀಯ ವಿಶ್ಲೇಷಣೆ ಎನ್ನಬಹುದು. ಒಂದೇ ಲಿಂಗದ, ಒಂದೇ ವಯೋಮಾನದ ಜನರ ಎತ್ತರವು ಹೆಚ್ಚುಕಡಿಮೆ ಪ್ರಸಾಮಾನ್ಯ ವಿತರಣೆಯನ್ನು ಅನುಸರಿಸುತ್ತದೆ. ಆದುದರಿಂದ ಆ ವಿತರಣೆಯನ್ನು ಕಲಿಸಲು ಎತ್ತರವೇ ಎಲ್ಲೆಡೆ ಬಳಕೆಯಲ್ಲಿರುವ ಉದಾಹರಣೆಯಾಗಿದೆ. ಪೊಲೀಸ್ ನೇಮಕಾತಿಯ ದೇಹದಾರ್ಢ್ಯ ಪರೀಕ್ಷೆಯಿಂದ ಅಂಗನವಾಡಿಯ ಬೆಳವಣಿಗೆ ದಾಖಲೆಯವರೆಗೆ ಇದರ ಉಪಯೋಗವಿದೆ.

ಮೂಲ ಅಳತೆಗಳು

ಹಾವೇರಿ ಜಿಲ್ಲೆಯ ಒಂದು ಪ್ರೌಢಶಾಲೆಯ ಹತ್ತು ವಿದ್ಯಾರ್ಥಿಗಳ ಎತ್ತರ ಸೆಂಟಿಮೀಟರುಗಳಲ್ಲಿ 148, 150, 152, 153, 155, 156, 156, 158, 160, 162 ಎಂದು ಭಾವಿಸೋಣ (ಇವು ಲೆಕ್ಕಕ್ಕಾಗಿ ಕಲ್ಪಿಸಿದ ಅಂಕಿಗಳು). ಇವುಗಳ ಮೊತ್ತ 1550, ಸರಾಸರಿ 155. ಏರಿಕೆ ಕ್ರಮದಲ್ಲಿ ನಡುವೆ ಬರುವ ಎರಡು ಬೆಲೆಗಳು 155 ಮತ್ತು 156 ಆದ್ದರಿಂದ ಮಧ್ಯಾಂಕ 155.5. ಹೆಚ್ಚು ಸಲ ಬಂದಿರುವ 156 ಬಹುಲಕ.

ಸರಾಸರಿಯಿಂದ ಪ್ರತಿಯೊಂದು ಬೆಲೆ ಎಷ್ಟು ದೂರವಿದೆಯೆಂದು ಕಂಡುಕೊಂಡು, ಆ ವ್ಯತ್ಯಾಸಗಳನ್ನು ವರ್ಗಮಾಡಿ ಕೂಡಿದರೆ 172 ಬರುತ್ತದೆ. ಅದನ್ನು 10ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಮಾನಕ ವಿಚಲನೆ ಸುಮಾರು 4.15 ಸೆಂ.ಮೀ. ಎಂದಾಗುತ್ತದೆ. ಸರಾಸರಿಯಿಂದ ಎರಡೂ ಕಡೆಗೆ ಇಷ್ಟು ದೂರದೊಳಗೆ, ಅಂದರೆ 150.85 ಮತ್ತು 159.15ರ ನಡುವೆ, ಹತ್ತರಲ್ಲಿ ಆರು ವಿದ್ಯಾರ್ಥಿಗಳಿದ್ದಾರೆ.

ಬರೆದುಕೊಳ್ಳುವಾಗ 150ಕ್ಕೆ ಒಂದು ಸೊನ್ನೆ ಹೆಚ್ಚಾಗಿ ಸೇರಿ 1500 ಎಂದಾದರೆ ಸರಾಸರಿ 290ಕ್ಕೆ ಜಿಗಿಯುತ್ತದೆ. ಮಧ್ಯಾಂಕವಾದರೋ 156 ಮಾತ್ರ. ಯಾವುದೇ ಸೂತ್ರ ಹಚ್ಚುವ ಮೊದಲು ಅಂಕಿಗಳನ್ನು ಒಮ್ಮೆ ಕಣ್ಣಾಡಿಸಿ ನೋಡಬೇಕೆನ್ನುವುದು ಈ ಕಾರಣಕ್ಕೆ.

ಗಂಟೆಯಾಕಾರದ ವಕ್ರರೇಖೆ

ಸಾವಿರಾರು ಜನರ ಎತ್ತರವನ್ನು ಸ್ತಂಭಾಲೇಖದಲ್ಲಿ ಬಿಡಿಸಿದರೆ ನಡುವೆ ಎತ್ತರವಾಗಿ, ಎರಡೂ ಬದಿಗೆ ಸಮನಾಗಿ ಇಳಿಯುವ ಗಂಟೆಯ ಆಕೃತಿ ಮೂಡುತ್ತದೆ. ಪ್ರಸಾಮಾನ್ಯ ವಿತರಣೆಯಲ್ಲಿ ಸರಾಸರಿಯ ಆಚೀಚೆ ಒಂದು ಮಾನಕ ವಿಚಲನೆಯೊಳಗೆ ಸುಮಾರು ಶೇ. 68, ಎರಡರೊಳಗೆ ಶೇ. 95, ಮೂರರೊಳಗೆ ಶೇ. 99.7ರಷ್ಟು ಜನ ಬರುತ್ತಾರೆ.

ಎತ್ತರವು ಒಂದೆರಡು ದೊಡ್ಡ ಕಾರಣಗಳಿಂದ ನಿರ್ಧಾರವಾಗುವುದಿಲ್ಲ. ಅಸಂಖ್ಯ ಸಣ್ಣ ಕಾರಣಗಳ ಕೂಡಿಕೆಯಿಂದ ನಿರ್ಧಾರವಾಗುತ್ತದೆ. 2022ರಲ್ಲಿ ಪ್ರಕಟವಾದ, ಸುಮಾರು 54 ಲಕ್ಷ ಜನರ ಮಾಹಿತಿಯನ್ನು ಒಳಗೊಂಡ ಅಧ್ಯಯನವೊಂದು ಎತ್ತರಕ್ಕೆ ಸಂಬಂಧಿಸಿದ 12,111 ಆನುವಂಶಿಕ ವ್ಯತ್ಯಾಸಗಳನ್ನು ಗುರುತಿಸಿತು. ಇವುಗಳ ಜೊತೆಗೆ ಆಹಾರ, ಬಾಲ್ಯದ ಕಾಯಿಲೆ, ತಾಯಿಯ ಆರೋಗ್ಯಗಳೂ ಸೇರುತ್ತವೆ. ಇಂತಹ ಅನೇಕ ಸಣ್ಣ ಪರಿಣಾಮಗಳ ಮೊತ್ತವು ಪ್ರಸಾಮಾನ್ಯ ವಿತರಣೆಯ ಕಡೆಗೆ ಸಾಗುತ್ತದೆ ಎಂಬುದನ್ನು ಕೇಂದ್ರೀಯ ಮಿತಿ ಪ್ರಮೇಯ ವಿವರಿಸುತ್ತದೆ.

ಇತಿಹಾಸ

ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ (1796–1874) ಮನುಷ್ಯರ ದೇಹದ ಅಳತೆಗಳಿಗೆ ಈ ವಕ್ರರೇಖೆಯನ್ನು ಅನ್ವಯಿಸಿದವರಲ್ಲಿ ಮೊದಲಿಗ. ಆತ ಸುಮಾರು ಒಂದು ಲಕ್ಷ ಫ್ರೆಂಚ್ ಯುವಕರ ಸೈನ್ಯ ಭರ್ತಿಯ ಅಳತೆಗಳನ್ನು ಪರಿಶೀಲಿಸಿದಾಗ, 157 ಸೆಂ.ಮೀ.ಗಿಂತ ಕುಳ್ಳರ ಸಂಖ್ಯೆ ಲೆಕ್ಕದಂತೆ ಇರಬೇಕಾದುದಕ್ಕಿಂತ ಎರಡು ಸಾವಿರಕ್ಕೂ ಹೆಚ್ಚಾಗಿತ್ತು. ಅದಕ್ಕಿಂತ ಕುಳ್ಳರಾದವರಿಗೆ ಸೇವೆಯಿಂದ ವಿನಾಯಿತಿ ಇದ್ದುದರಿಂದ, ಅಳತೆಯಲ್ಲಿ ಮೋಸ ನಡೆದಿದೆಯೆಂದು ಆತ ತೀರ್ಮಾನಿಸಿದ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ 205 ದಂಪತಿಗಳು ಮತ್ತು ಅವರ 928 ವಯಸ್ಕ ಮಕ್ಕಳ ಎತ್ತರವನ್ನು ಹೋಲಿಸಿ, ತೀರ ಎತ್ತರದ ತಂದೆತಾಯಿಯರ ಮಕ್ಕಳು ಸರಾಸರಿಯ ಕಡೆಗೆ ಸರಿಯುತ್ತಾರೆಂದು ತೋರಿಸಿದ.

ಭಾರತದಲ್ಲಿ ಪಿ. ಸಿ. ಮಹಾಲನೋಬಿಸ್ 1922ರಲ್ಲಿ ಕಲ್ಕತ್ತೆಯ ಆಂಗ್ಲೋ-ಇಂಡಿಯನ್ ಪುರುಷರ ಎತ್ತರವನ್ನು ವಿಶ್ಲೇಷಿಸಿದರು. ಸಂಯುಕ್ತ ಪ್ರಾಂತದಲ್ಲಿ 1941ರಲ್ಲಿ ನಡೆದ ದೇಹಮಾಪನ ಸಮೀಕ್ಷೆಯ ವಿಶ್ಲೇಷಣೆಯಲ್ಲಿ ಅವರೊಂದಿಗೆ ಡಿ. ಎನ್. ಮಜುಂದಾರ್ ಮತ್ತು ಸಿ. ಆರ್. ರಾವ್ ಇದ್ದರು. ಜಗತ್ಪ್ರಸಿದ್ಧ ಸಂಖ್ಯಾಶಾಸ್ತ್ರಜ್ಞರಾದ ರಾವ್ (1920–2023) ಹುಟ್ಟಿದ್ದು ಹೂವಿನಹಡಗಲಿಯಲ್ಲಿ. ಹಾವೇರಿ ಜಿಲ್ಲೆಯಿಂದ ತುಂಗಭದ್ರೆಯನ್ನು ದಾಟಿದರೆ ಅದೇ ಸೀಮೆ. ನಮ್ಮ ಭಾಗದ ವಿದ್ಯಾರ್ಥಿಗಳಿಗೆ ಈ ಸಂಗತಿ ಅಷ್ಟಾಗಿ ತಿಳಿದಿಲ್ಲ.

ಬೆರೆತ ಗುಂಪುಗಳು

ಬ್ಯಾಡಗಿ ಮೆಣಸಿನಕಾಯಿಯಲ್ಲಿ ಡಬ್ಬಿ ಮತ್ತು ಕಡ್ಡಿ ಎಂಬ ಎರಡು ಬಗೆಗಳಿವೆ. ಡಬ್ಬಿ ಗಿಡ್ಡ ಮತ್ತು ದಪ್ಪ, ಕಡ್ಡಿ ಉದ್ದ ಮತ್ತು ತೆಳು. ಎರಡನ್ನೂ ಒಂದೇ ರಾಶಿಗೆ ಸುರಿದು ಕಾಯಿಗಳ ಉದ್ದ ಅಳೆದರೆ, ಬಗೆಗಳ ನಡುವಿನ ಅಂತರ ಸಾಕಷ್ಟಿದ್ದಾಗ, ಸ್ತಂಭಾಲೇಖಕ್ಕೆ ಎರಡು ಶಿಖರಗಳು ಬರುತ್ತವೆ. ಆ ರಾಶಿಯ ಸರಾಸರಿ ಉದ್ದವು ಡಬ್ಬಿಗೂ ಹೊಂದದು, ಕಡ್ಡಿಗೂ ಹೊಂದದು.

ಪುರುಷರನ್ನೂ ಮಹಿಳೆಯರನ್ನೂ ಬೆರೆಸಿದರೆ ಹೀಗೆಯೇ ಎರಡು ಶಿಖರ ಕಾಣುತ್ತದೆಂದು ಕೆಲವು ಪುಸ್ತಕಗಳು ಹೇಳುತ್ತವೆ. ಇದು ಸಾಮಾನ್ಯವಾಗಿ ನಿಜವಲ್ಲ. 2019ರ ಒಂದು ಜಾಗತಿಕ ಅಂದಾಜಿನಂತೆ ಭಾರತದ 19 ವರ್ಷದ ಯುವಕರ ಸರಾಸರಿ ಎತ್ತರ 166.5 ಸೆಂ.ಮೀ., ಯುವತಿಯರದು 155.2 ಸೆಂ.ಮೀ.; ಅಂತರ 11.3. ಒಂದೇ ಲಿಂಗದ ವಯಸ್ಕರಲ್ಲಿ ಮಾನಕ ವಿಚಲನೆ 6ರಿಂದ 7 ಸೆಂ.ಮೀ. ಇರುತ್ತದೆ. ಸಮಸಂಖ್ಯೆಯ, ಸಮಾನ ಹರಡಿಕೆಯ ಎರಡು ಗುಂಪುಗಳ ಅಂತರವು ಮಾನಕ ವಿಚಲನೆಯ ಎರಡರಷ್ಟನ್ನು ಮೀರಿದರೆ ಮಾತ್ರ ಶಿಖರಗಳು ಬೇರ್ಪಡುತ್ತವೆ. ಇಲ್ಲಿ ಹಾಗಾಗದೆ ನೆತ್ತಿ ಚಪ್ಪಟೆಯಾದ ಒಂದೇ ದಿಬ್ಬ ಉಂಟಾಗುತ್ತದೆ.

ಆಯ್ಕೆಯ ಗೆರೆ

ಕರ್ನಾಟಕದ ಸಿವಿಲ್ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಕನಿಷ್ಠ ಎತ್ತರವು ಪುರುಷರಿಗೆ 168 ಸೆಂ.ಮೀ., ಮಹಿಳೆಯರಿಗೆ 157 ಸೆಂ.ಮೀ. ಇದೆ, ಕೆಲವು ಬುಡಕಟ್ಟುಗಳಿಗೆ ರಿಯಾಯಿತಿ ಉಂಟು. ರಾಣೆಬೆನ್ನೂರು, ಹಾವೇರಿ, ಬ್ಯಾಡಗಿಗಳ ಮೈದಾನಗಳಲ್ಲಿ ಬೆಳಗಿನ ಜಾವ ಓಡುವ ಹುಡುಗರಲ್ಲಿ ಅನೇಕರಿಗೆ ಈ ಸಂಖ್ಯೆ ಬಾಯಿಪಾಠ. ಸರಾಸರಿ 166.5, ಮಾನಕ ವಿಚಲನೆ 6.5 ಎಂದಿಟ್ಟುಕೊಂಡರೆ 168ರ ಪ್ರಮಾಣಿತ ಬೆಲೆ (168 – 166.5) ÷ 6.5, ಅಂದರೆ 0.23. ಕೋಷ್ಟಕದ ಪ್ರಕಾರ ಇದಕ್ಕಿಂತ ಮೇಲಿರುವವರು ಸುಮಾರು ಶೇ. 41. ನೂರು ಯುವಕರಲ್ಲಿ 59 ಮಂದಿ ಓಟದ ಗೆರೆಗೆ ಬರುವ ಮುನ್ನವೇ ಹೊರಗುಳಿಯುತ್ತಾರೆ.

ಇದಕ್ಕಿಂತ ಗಮನಿಸಬೇಕಾದದ್ದು ಗೆರೆಯ ಅಂಚು. ಅದೇ ಲೆಕ್ಕದಂತೆ 167 ಮತ್ತು 168ರ ನಡುವೆ ನೂರಕ್ಕೆ ಆರು ಮಂದಿ ಇರುತ್ತಾರೆ. ಬೆನ್ನೆಲುಬಿನ ನಡುವಿನ ಮೆದುಬಿಲ್ಲೆಗಳು ದಿನವಿಡೀ ಒತ್ತಿಕೊಳ್ಳುವುದರಿಂದ ಮನುಷ್ಯನ ಎತ್ತರ ಬೆಳಗಿಗಿಂತ ಸಂಜೆಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಕುಗ್ಗುತ್ತದೆ. ಆ ಆರು ಮಂದಿಯ ಭವಿಷ್ಯ ಸರದಿಯಲ್ಲಿ ಅವರು ಎಲ್ಲಿ ನಿಂತಿದ್ದರು ಎಂಬುದನ್ನೂ ಅವಲಂಬಿಸಬಹುದು. ಗೆರೆಯನ್ನು ವಕ್ರರೇಖೆಯ ಬಾಲದಲ್ಲಿ, ಉದಾಹರಣೆಗೆ 180ರಲ್ಲಿ, ಎಳೆದಿದ್ದರೆ ಒಂದು ಸೆಂಟಿಮೀಟರಿನ ತಪ್ಪು ನೂರರಲ್ಲಿ ಒಬ್ಬರನ್ನು ಮಾತ್ರ ಬಾಧಿಸುತ್ತಿತ್ತು. ದಿಬ್ಬದ ನೆತ್ತಿಯ ಹತ್ತಿರ ಎಳೆದ ಗೆರೆಗೆ ಅಳತೆಯ ನಿಖರತೆ ಹೆಚ್ಚು ಬೇಕು.

ಸರಾಸರಿಯೆಂದು ತಪ್ಪಾಗಿ ತಿಳಿಯಲಾದ ಸಂಖ್ಯೆ

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ಪೋಷಕಾಂಶಗಳ ಅಗತ್ಯವನ್ನು ಪರಿಷ್ಕರಿಸಿದಾಗ ಉಲ್ಲೇಖ ಪುರುಷನ ಎತ್ತರ 177 ಸೆಂ.ಮೀ., ಉಲ್ಲೇಖ ಮಹಿಳೆಯ ಎತ್ತರ 162 ಸೆಂ.ಮೀ. ಎಂದು ಇರಿಸಿತು. ಭಾರತೀಯರ ಸರಾಸರಿ ಎತ್ತರವೇ ಹೆಚ್ಚಿತೆಂದು ಇದನ್ನು ಅರ್ಥಮಾಡಿಕೊಂಡವರುಂಟು. ವಾಸ್ತವದಲ್ಲಿ ಅವು ಸಮೀಕ್ಷೆಗಳಿಂದ ಪಡೆದ 95ನೆಯ ಶತಮಾಂಶದ ಬೆಲೆಗಳು; ನೂರರಲ್ಲಿ ಸುಮಾರು 95 ಮಂದಿ ಅದಕ್ಕಿಂತ ಕೆಳಗಿರುತ್ತಾರೆ.

ಮಕ್ಕಳ ಕುಂಠಿತ ಬೆಳವಣಿಗೆ

ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದಂತೆ ಆರು ದೇಶಗಳ ಆರೋಗ್ಯವಂತ ಮಕ್ಕಳನ್ನು ಅಳೆದು 2006ರಲ್ಲಿ ಬೆಳವಣಿಗೆಯ ಮಾನದಂಡಗಳನ್ನು ಪ್ರಕಟಿಸಿತು. ಅದರಂತೆ 5 ವರ್ಷದ ಗಂಡುಮಗುವಿನ ಮಧ್ಯಾಂಕ ಎತ್ತರ 110 ಸೆಂ.ಮೀ. ಮಧ್ಯಾಂಕಕ್ಕಿಂತ ಎರಡು ಮಾನಕ ವಿಚಲನೆಗಳಷ್ಟು, ಅಂದರೆ 100.7 ಸೆಂ.ಮೀ.ಗಿಂತ, ಕೆಳಗಿದ್ದರೆ ಬೆಳವಣಿಗೆ ಕುಂಠಿತವಾಗಿದೆ ಎನ್ನುತ್ತಾರೆ. ಚೆನ್ನಾಗಿ ಉಂಡು ಬೆಳೆದ ಮಕ್ಕಳ ಗುಂಪಿನಲ್ಲಿ ಈ ಗೆರೆಯ ಕೆಳಗೆ ಶೇ. 2.3ರಷ್ಟು ಮಕ್ಕಳು ಮಾತ್ರ ಇರಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಪ್ರಮಾಣ ಶೇ. 35.4 ಇತ್ತು.

ಗೆರೆಯ ಕೆಳಗೆ ಇಷ್ಟು ಮಕ್ಕಳಿರಬೇಕಾದರೆ ಇಡೀ ವಕ್ರರೇಖೆಯೇ ಎಡಕ್ಕೆ ಸುಮಾರು ಒಂದೂವರೆ ಮಾನಕ ವಿಚಲನೆಯಷ್ಟು ಸರಿದಿರಬೇಕು. 5 ವರ್ಷದ ಮಗುವಿನಲ್ಲಿ ಅದು ಹತ್ತಿರಹತ್ತಿರ 7 ಸೆಂ.ಮೀ. ಹೀಗಾಗಿ ಕುಂಠಿತರೆಂದು ಪಟ್ಟಿಯಾದ 35 ಮಕ್ಕಳಷ್ಟೇ ಅಲ್ಲ, ಪಟ್ಟಿಗೆ ಸೇರದ 65 ಮಕ್ಕಳಲ್ಲಿಯೂ ಹೆಚ್ಚಿನವರು ತಾವು ಬೆಳೆಯಬಹುದಾಗಿದ್ದಷ್ಟು ಬೆಳೆದಿಲ್ಲ. ಪಟ್ಟಿಯಲ್ಲಿ ಹೆಸರಿರುವ ಮಗುವಿಗೆ ಮಾತ್ರ ಪೌಷ್ಟಿಕ ಆಹಾರ ಎಂಬ ವ್ಯವಸ್ಥೆಯ ಮಿತಿ ಇಲ್ಲಿ ಕಾಣುತ್ತದೆ.

ಈ ಮಾನದಂಡಗಳನ್ನು ಬಳಸುವಾಗ ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ, ದೊಡ್ಡ ಮಗುವನ್ನು ನಿಲ್ಲಿಸಿ ಅಳೆಯಬೇಕು. ನಿಲ್ಲಿಸಿದ ಅಳತೆ ಮಲಗಿಸಿದ ಅಳತೆಗಿಂತ ಸರಾಸರಿ 0.7 ಸೆಂ.ಮೀ. ಕಡಿಮೆ ಬರುವುದರಿಂದ, ಕ್ರಮ ತಪ್ಪಿದ್ದರೆ ಅಷ್ಟನ್ನು ಕೂಡಿಸಿ ಅಥವಾ ಕಳೆದು ದಾಖಲಿಸಬೇಕಾಗುತ್ತದೆ.