ಬೇಸಿಗೆ ಬಂದ್ರೆ ಬೀಗ ಹಾಕ್ತಿದ್ದ ಬೀಚ್ ಹೋಟೆಲುಗಳು (ಭಾಗ 3)

ಯಾವ ತಿಂಗಳು ಹೋಗೋದು, ಎಲ್ಲಿ ಉಳಿಯೋದು? ನಮ್ಮ ಗ್ರೂಪಲ್ಲಿ ಪ್ರತಿ ಟ್ರಿಪ್‌ಗೂ ಇದೇ ಜಗಳ ಅಲ್ವಾ?

19ನೇ ಶತಮಾನದಲ್ಲಿ ಫ್ರಾನ್ಸಿನ ನೀಸ್ ಕಡಲತೀರದಲ್ಲಿ ಸೀಸನ್ ಅಂದ್ರೆ ಚಳಿಗಾಲ. ಇಂಗ್ಲೆಂಡಿನ ಚಳಿ ತಡೀಲಾರದ ಶ್ರೀಮಂತರು ಎಳೆಬಿಸಿಲು ಹುಡುಕಿ ಬರ್ತಿದ್ರು. 1864ರಲ್ಲಿ ರೈಲು ಬಂದ ಮೇಲಂತೂ ಕೇಳೋದೇ ಬೇಡ. ವಿಕ್ಟೋರಿಯಾ ರಾಣಿ ಉಳಿದದ್ದು ಕಡಲ ಪಕ್ಕ ಅಲ್ಲ, ಸಿಮಿಯೆ ಗುಡ್ಡದ ಮೇಲೆ. ಬೇಸಿಗೆ ಬಂತೋ, ಹೋಟೆಲುಗಳಿಗೆ ಬೀಗ! ಆಫ್‌ಸೀಸನ್ ಡಿಸ್ಕೌಂಟೂ ಇಲ್ಲ. ಬಿಸಿಲಿಗೆ ಕಪ್ಪಾಗೋದು ಕೂಲಿಯವರ ಲಕ್ಷಣ ಅನ್ನೋ ಬಿಂಕ ಬೇರೆ.

1923ರಲ್ಲಿ ಅಮೆರಿಕದ ಮರ್ಫಿ ದಂಪತಿ ಆಂತಿಬ್‌ನ ಹೋಟೆಲ್ ದು ಕಾಪ್‌ನವರನ್ನು ಒಪ್ಪಿಸಿ ಬೇಸಿಗೆಯಲ್ಲೂ ಬಾಗಿಲು ತೆಗೆಸಿದರು. ಸರಿ, ಆದ್ರೆ ದುಡಿಯೋರಿಗೆ ರಜೆ ಎಲ್ಲಿತ್ತು? ಅದನ್ನ ಕೊಟ್ಟಿದ್ದು 1936ರ ಕಾನೂನು: ವರ್ಷಕ್ಕೆ ಎರಡು ವಾರ, ಸಂಬಳದ ಸಮೇತ. ಆ ಆಗಸ್ಟಲ್ಲಿ ರಿಯಾಯಿತಿ ರೈಲು ಟಿಕೆಟ್ ಹಿಡಿದು ಹೊರಟ ಎಷ್ಟೋ ಕಾರ್ಮಿಕರು ಸಮುದ್ರ ನೋಡಿದ್ದೇ ಮೊದಲ ಸಲ. ಹೋಟೆಲ್ ಸಿಗದಿದ್ರೇನು, ಟೆಂಟ್ ಇತ್ತಲ್ಲ!