ಕೊರಳಿನ ಹವಳ ಎಲ್ಲಿಂದ ಬಂತು?

ಹಳೇ ಹವಳದ ಸರ ಮುರಿಸಿ ಹೊಸ ನಮೂನೆ ಚೈನು ಮಾಡ್ಸದು ಈಗ ನಮ್ಮ ಆನಂದಪುರ, ಸಾಗರದ ಬದಿಗೂ ನಡೀತಾ ಇದ್ದು. ಅಂಗಡಿಲಿ ಬಂಗಾರ ತೂಗ್ತ, ಹವಳದ ತೂಕ ಕಳೀತ, ದುಡ್ಡು ಬಂಗಾರಕ್ಕೆ ಮಾತ್ರ. ಹವಳ ಅರೆಬೆಲೆ ಹರಳು ಹೇಳಿ ಬದಿಗೆ ಹೋಗ್ತು. ಮುರಿಸ ಮೊದ್ಲು ಅದರ ಕಥೆ ಒಂದು ಸಲ ಕೇಳಿ.

ಈ ಅರೆಬೆಲೆ, ಪೂರ್ತಿ ಬೆಲೆ ಹೇಳ ಲೆಕ್ಕ ನಮ್ಮದಲ್ಲ, ಯುರೋಪಿನ ವ್ಯಾಪಾರದ್ದು. ಅಲ್ಲಿ ವಜ್ರ, ಮಾಣಿಕ್ಯ, ನೀಲ, ಪಚ್ಚೆ ಇಷ್ಟೇ ದೊಡ್ಡವು. ನಮ್ಮ ನವರತ್ನದಲ್ಲಿ ಆ ನಾಕರ ಸಾಲಲ್ಲೇ ಮುತ್ತು, ಹವಳ, ಪುಷ್ಯರಾಗ, ಗೋಮೇಧಿಕ, ವೈಡೂರ್ಯವೂ ಇದ್ದು.

ನಿಜ ಹೇಳವು ಅಂದ್ರೆ ಹವಳ ಕಲ್ಲೇ ಅಲ್ಲ. ಸಮುದ್ರದಡಿ ಸಣ್ಣ ಸಣ್ಣ ಜೀವಿಗಳು ಸುಣ್ಣದ ಅಂಶದಿಂದ ಕಟ್ಟಿದ್ದು, ಗಿಡದ ಟೊಂಗೆ ತರ ಬೆಳೀತು. ವರ್ಷಕ್ಕೆ ಒಂದು ಮಿಲಿಮೀಟರೂ ದಪ್ಪ ಆಗ್ತಿಲ್ಲೆ. ಬಟಾಣಿ ಗಾತ್ರದ ಒಂದು ಮಣಿಗೆ ಹತ್ತಾರು ವರ್ಷದ ಬೆಳೆ ಬೇಕು.

ಒಡವೆಗೆ ಹೆಸರಾದ ಕೆಂಪು ಹವಳ ನಮ್ಮ ಹೊನ್ನಾವರ, ಭಟ್ಕಳದ ಕಡಲಲ್ಲಿ ಸಿಕ್ತಿಲ್ಲೆ. ಅದು ಇಟಲಿ ಮತ್ತೆ ಆಫ್ರಿಕದ ಉತ್ತರ ದಂಡೆ ನಡುವಿನ ಮೆಡಿಟರೇನಿಯನ್ ಸಮುದ್ರದ್ದು. ಕ್ರಿ.ಶ. 1ನೇ ಶತಮಾನದ 'ಪೆರಿಪ್ಲಸ್' ಹೇಳ ಗ್ರೀಕ್ ಪುಸ್ತಕದಲ್ಲಿ, ಗುಜರಾತಿನ ಭರೂಚ್, ಕೇರಳದ ಮುಜಿರಿಸ್ ಬಂದರಿಗೆ ಇಳೀತಿದ್ದ ಸಾಮಾನಿನ ಪಟ್ಟಿಲಿ ಹವಳ ಇದ್ದು. ಮುಜಿರಿಸಿನ ಬದಿಂದ ವಾಪಸ್ ಹೋಗ ಹಡಗಲ್ಲಿ ಕಾಳುಮೆಣಸು! ಅದೇ ಶತಮಾನದ ರೋಮಿನ ಪ್ಲಿನಿ ಒಂದು ತಮಾಷೆ ಬರದಿದ್ದ: ತಮ್ಮ ಊರಿನ ಹೆಂಗಸ್ರಿಗೆ ಭಾರತದ ಮುತ್ತು ಎಷ್ಟು ಪ್ರೀತಿಯೋ, ಭಾರತದ ಗಂಡಸ್ರಿಗೆ ಹವಳ ಅಷ್ಟೇ ಪ್ರೀತಿ ಹೇಳಿ. ಹವಳದ ಆಸೆ ನಮಗೊಂದೇ ಅಲ್ಲ, ಅಲ್ದಾ?

ಆಮೇಲೆ ಪೋರ್ಚುಗೀಸರ ಕಾಲ ಬಂತು. ನಮ್ಮ ಮಲಂದೂರಿನ ಚಂಪಕ ಸರಸಿ ಕೊಳದ ಜೊತೆ ಜನ ಹೆಸರು ಹೇಳ ಕೆಳದಿಯ ವೆಂಕಟಪ್ಪ ನಾಯಕನ ಹತ್ರ ಅವು ಮೆಣಸು ಕೊಳ್ತಿದ್ದ. 1623ರಲ್ಲಿ ಅವರ ರಾಯಭಾರಿ ಹೊನ್ನಾವರದಿಂದ ಘಟ್ಟ ಹತ್ತಿ ಇಕ್ಕೇರಿಗೆ ಬಂದ. ಸಂತಿಗೆ ಬಂದಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲೆ ಆ ದಾರಿ, ಊರು, ಜನ ಎಲ್ಲ ಬರೆದಿಟ್ಟಿದ್ದ. ಮೆಣಸು ಕೊಳ್ತಿದ್ದ ಅದೇ ಪೋರ್ಚುಗೀಸರ ಗೋವೆಗೆ ಇಟಲಿಯ ಲಿವೋರ್ನೊ ಬಂದರಿನ ವ್ಯಾಪಾರಸ್ಥರು ಹವಳ ಕಳಿಸಿ, ಬದಲಿಗೆ ನಮ್ಮ ದೇಶದ ವಜ್ರ ತರಿಸ್ತಿದ್ದ. ಅವು ಪೂರ್ತಿ ಬೆಲೆ ಹೇಳ ವಜ್ರಕ್ಕೆ ಹವಳವೇ ದುಡ್ಡಾಗಿತ್ತು! ನೇಪಲ್ಸ್ ಹತ್ರದ ತೊರ್ರೆ ದೆಲ್ ಗ್ರೆಕೊ ಹೇಳ ಊರಲ್ಲಿ ಇವತ್ತಿಗೂ ಹವಳ ಕೆತ್ತದೇ ಕಸುಬು.

ಇನ್ನು ಗುಣದ ವಿಚಾರ. ತೆಳು ಗುಲಾಬಿಯಿಂದ ಕಡುಗೆಂಪಿನವರೆಗೆ ಬಣ್ಣ ಇರ್ತು. ತೂತು, ಕಲೆ ಇಲ್ದೆ ಒಂದೇ ಸಮ ಕೆಂಪಿದ್ರೆ ಬೆಲೆ ಜಾಸ್ತಿ. ಭೂತಗನ್ನಡಿಲಿ ನೋಡಿರೆ ಮರದ ಎಳೆ ತರ ಸಣ್ಣ ಗೆರೆ ಕಾಣ್ತು; ಗಾಜಿನ ಮಣಿಲಾದ್ರೆ ಗುಳ್ಳೆ ಕಾಣಬಹುದು. ಬಣ್ಣ ಹಾಕಿದ ಹವಳವೂ ಬತ್ತು. ನೈಲ್ ಪಾಲಿಶ್ ರಿಮೂವರ್ ಹಚ್ಚಿದ ಹತ್ತಿಲಿ ಒಂದು ಮೂಲೆ ಒರೆಸಿ ನೋಡಿ, ಹತ್ತಿ ಕೆಂಪಾದ್ರೆ ಅದು ಹಚ್ಚಿದ ಬಣ್ಣ.

ಹವಳ ಮೂಲತಃ ಸುಣ್ಣವೇ ಆದ್ದರಿಂದ ಹುಳಿ ಅದರ ವೈರಿ. ಬಂಗಾರ ಬೆಳಗ ನೆವದಲ್ಲಿ ಹುಣಸೆಹಣ್ಣು, ಲಿಂಬೆ ತಾಗಿದ್ರೆ ಹೊಳಪು ಹೋಗ್ತು. ಮೆತ್ತನೆ ಒದ್ದೆ ಬಟ್ಟೆಲಿ ಒರೆಸಿರೆ ಸಾಕು. ವಜ್ರದ ಮೂಗುಬಟ್ಟಿನ ಜೊತೆ ಒಂದೇ ಡಬ್ಬಿಲಿ ಇಡಡಿ, ಗೀರು ಬೀಳ್ತು.

ಸರ ಮುರಿಸಲೇಬೇಕು ಅಂದ್ರೆ ಮುರಿಸಿ, ಬೇಡ ಹೇಳವ್ರಲ್ಲ. ಆದ್ರೆ ಕೊಡಕ್ಕಿಂತ ಮೊದ್ಲು ಮಣಿ ಎಣಿಸಿ, ಚೀಟಿಲಿ ಬರೆಸಿ, ಅಷ್ಟನ್ನೂ ವಾಪಸ್ ಕೇಳಿ. ಹತ್ತಿ ಬಟ್ಟೆಲಿ ಕಟ್ಟಿಡಿ. ಬಂಗಾರ ನಾಳೆ ಮತ್ತೆ ಕೊಳ್ಳಲಾಗ್ತು. ಅಮ್ಮಮ್ಮನ ಕೊರಳಲ್ಲಿದ್ದ ಹವಳ ಯಾವ ಅಂಗಡಿಲೂ ಸಿಕ್ತಿಲ್ಲೆ.