ರಾಣಿಯರ ಸ್ನಾನಗೃಹ, ಹಂಪಿ

ಹೊರಗೋಡೆ ಬರೀ ಸಪಾಟು. ಒಳಗೆ ಕಾಲಿಟ್ಟ ಮೇಲೆಯೇ ಕಟ್ಟಡದ ಸೊಗಸು ತಿಳಿಯುವುದು: ನಡುವೆ ಆಕಾಶಕ್ಕೆ ತೆರೆದ ಕೊಳ, ಸುತ್ತ ಕಮಾನುಗಳ ಪಡಸಾಲೆ, ನೀರಿನತ್ತ ಚಾಚಿದ ಕಿಟಕಿಯ ಉಪ್ಪರಿಗೆಗಳು. ಪಡಸಾಲೆಯ ಚಾವಣಿಯನ್ನು ತಲೆಯೆತ್ತಿ ನೋಡಿ. ಗಾರೆಯಲ್ಲಿ ಎಷ್ಟು ಬಗೆಯ ಕುಸುರಿ! ಸುಮಾರು 30 ಮೀಟರ್ ಚೌಕದ ಕಟ್ಟಡದಲ್ಲಿ ಕೊಳವೇ 15 ಮೀಟರ್ ಚೌಕ, ಆಳ 1.8 ಮೀಟರ್. ಸುತ್ತಲೂ ಕಂದಕ, ನೀರು ಕಾಲುವೆಯಿಂದ ಬರುತ್ತಿತ್ತು.

ರೋಮ್‌ನಲ್ಲಿ ಕ್ರಿ.ಶ. 216ರಲ್ಲಿ ತೆರೆದ ಕ್ಯಾರಕಲ್ಲಾ ಸ್ನಾನಗೃಹ ಊರವರೆಲ್ಲರದು. ಹಂಪಿಯ ಈ ಸ್ನಾನಗೃಹವೋ ವಿಜಯನಗರದ ಅರಮನೆಯವರದು. ರಾಣಿಯರಿಗಷ್ಟೇ ಮೀಸಲಾಗಿತ್ತೆನ್ನಲು ಮಾತ್ರ ಆಧಾರವಿಲ್ಲ. 1565ರ ಯುದ್ಧದ ಬಳಿಕ ನಗರ ಹಾಳಾಯಿತು.

ಹಂಪಿ 1986ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣ. ದಯವಿಟ್ಟು ಗೋಡೆಗಳ ಮೇಲೆ ಹೆಸರು ಗೀಚಬೇಡಿ. ಉದುರಿದ ಹಳೆಯ ಗಾರೆ ಮತ್ತೆ ಬಾರದು.